ತಳವಾರಿಕೆ ಮತ್ತು ಅಪರಾಧಿ ಪಟ್ಟಿ: ಬೇಡ ಸಮುದಾಯವನ್ನು ಕುರಿತ ದಾಖಲೆಗಳ ರಾಜಕೀಯ ಓದು

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದು. ಕಟ್ಟೆಮನೆಯೆಂಬುದು ಆರಾಧನೆಯ ನೆಲೆ ಮಾತ್ರವಲ್ಲ. ದೇವರ ಎತ್ತುಗಳ ಪಾಲನೆ, ಕುಲದ ಕಟ್ಟುಪಾಡು, ವ್ಯಾಜ್ಯಗಳ ತೀರ್ಮಾನ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿವೆ. ಉಳುಮೆಗೆ ಹೂಡದ ಆ ಎತ್ತುಗಳನ್ನು ಕಾಯುವ ಕಿಲಾರಿಯ ನಡೆನುಡಿಗೂ ಕಟ್ಟಳೆಯುಂಟು. ಇಂತಹ ಆಂತರಿಕ ಶಿಸ್ತುಳ್ಳ ಸಮುದಾಯದ ಬಳಗವೇ ಆಡಳಿತದ ಗಡಿ ದಾಟಿದೊಡನೆ ಅಪರಾಧಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಪರಿಶೀಲನಾರ್ಹ ಸಂಗತಿ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಕಾಯಿದೆಯ ಮೂಲಕ ಅದು ಮದರಾಸು ಪ್ರಾಂತಕ್ಕೂ ವ್ಯಾಪಿಸಿತು. ಮೈಸೂರು ಸಂಸ್ಥಾನವು 1916ರಲ್ಲಿ ತನ್ನದೇ ಶಾಸನವನ್ನು ರೂಪಿಸಿಕೊಂಡಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬ ತರ್ಕವೇ ಈ ಶಾಸನಗಳ ತಳಹದಿ. ಜಾತಿಯನ್ನು ಕಸುಬಿನಿಂದ ಗುರುತಿಸುವ ದೇಶೀಯ ಪೂರ್ವಗ್ರಹವೂ ಜನಾಂಗವನ್ನು ದೇಹಲಕ್ಷಣದಿಂದ ಗುರುತಿಸುವ ಯುರೋಪಿನ ವಿದ್ಯೆಯೂ ಇಲ್ಲಿ ಒಂದಾದವು. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದ ಎಡ್ಗರ್ ಥರ್ಸ್ಟನ್ ಮೂಗಿನ ಅಳತೆ, ತಲೆಯ ಅಳತೆಗಳನ್ನು ಸಂಗ್ರಹಿಸಿದ್ದಲ್ಲದೆ ಮದರಾಸಿನ ಪೊಲೀಸರಿಗೆ ದೇಹಮಾಪನದ ಪಾಠವನ್ನೂ ಹೇಳಿದ್ದುಂಟು. ಸಂಶೋಧನೆಯೂ ಠಾಣೆಯೂ ಇಷ್ಟು ಹತ್ತಿರವಿದ್ದಾಗ ಒಂದರ ತೀರ್ಮಾನ ಇನ್ನೊಂದರ ಪುರಾವೆಯಾಗುವುದು ಅನಿವಾರ್ಯ.

ಈ ಕಾಲದ ಅಂಕಿಅಂಶಗಳನ್ನು ಉದ್ಧರಿಸುವವರು ಒಂದು ಅಂಶವನ್ನು ಬಹುಮಟ್ಟಿಗೆ ಕಡೆಗಣಿಸಿದ್ದಾರೆ. ಪಟ್ಟಿಗೆ ಸೇರಿದ ಸಮುದಾಯದವರು ಹಾಜರಿ ಕೊಡಬೇಕಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಹಾಜರಿ ತಪ್ಪಿದರೆ ಅದೇ ಅಪರಾಧ. ಸಂತೆಗೆ ಹೋದವನೂ ಮದುವೆಗೆ ಹೋದವನೂ ಹೀಗೆ ಶಿಕ್ಷೆಗೆ ಗುರಿಯಾಗಬಹುದಿತ್ತು. ಇಂತಹ ಶಿಕ್ಷೆಗಳ ಸಂಖ್ಯೆಯನ್ನು ಕೂಡಿಸಿ, ಆ ಸಮುದಾಯವು ಅಪರಾಧಪ್ರವೃತ್ತಿಯದೆಂದು ಹೇಳುವುದು ಕಾನೂನಿನ ಫಲವನ್ನೇ ಕಾನೂನಿಗೆ ಕಾರಣವೆಂದು ಬಗೆದಂತೆ. ಮದರಾಸು ಪ್ರಾಂತದ ಕೊರವರನ್ನು ಕುರಿತ ಮೀನಾ ರಾಧಾಕೃಷ್ಣ ಅವರ ಅಧ್ಯಯನವು (2001) ಉಪ್ಪು ಮತ್ತು ಧಾನ್ಯದ ಹೇರುವ್ಯಾಪಾರ ಮುರಿದುಬಿದ್ದ ಬಗೆಯನ್ನು ಈ ಚರಿತ್ರೆಯೊಳಕ್ಕೆ ತಂದಿತು.

ಬೇಡರ ವಿಷಯದಲ್ಲಿ ವೈರುಧ್ಯವು ಇನ್ನೂ ತೀಕ್ಷ್ಣವಾದುದು. ತಳವಾರನೆಂದರೆ ಊರಿನ ಕಾವಲುಗಾರ. ಕಳವಿನ ಜಾಡು ಹಿಡಿಯುವುದು ಅವನ ಹೊಣೆ. ಆದರೆ ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ‘ಬೇರಡ’ ಎಂಬ ಹೆಸರಿನ ಕೆಳಗೆ ‘ತಳವಾರ’ ಎಂಬುದೂ ಇದೆ! ತಮಿಳುನಾಡಿನಲ್ಲಿ ಬೋಯರು ಕೆಲವು ಜಿಲ್ಲೆಗಳಿಗೆ ಮಾತ್ರ ಅನ್ವಯಿಸುವಂತೆ ವಿಮುಕ್ತರು. ಕರ್ನಾಟಕದಲ್ಲಿ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು 1991ರಲ್ಲಿಯೂ ಪರಿವಾರ, ತಳವಾರ ಹೆಸರುಗಳು 2020ರಲ್ಲಿಯೂ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಮೊಳಕಾಲ್ಮೂರಿಗೆ ಅಂಟಿಕೊಂಡಿರುವ ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಮದರಾಸಿನ ಆಳ್ವಿಕೆಗೆ ಒಳಪಟ್ಟಿತ್ತು. ಗಡಿಯ ಒಂದು ಮಗ್ಗುಲಿನವರು ಬೋಯರು, ಇನ್ನೊಂದು ಮಗ್ಗುಲಿನವರು ಬೇಡರು. ಅವರನ್ನು ನೋಡುವ ಪೊಲೀಸು ವ್ಯವಸ್ಥೆಗಳೂ ಎರಡು. ವಂಶಪಾರಂಪರ್ಯದ ಗುಣವೆಂಬುದು ತಾಲ್ಲೂಕಿನ ಗಡಿಗಲ್ಲನ್ನು ಗೌರವಿಸುವುದು ವಿಚಿತ್ರವೇ ಸರಿ.

ಸ್ವಾತಂತ್ರ್ಯಾನಂತರದ ಓದಿನಲ್ಲಿ ಪಕ್ಷಪಾತವು ಅಳಿಯಲಿಲ್ಲ, ದಿಕ್ಕು ಬದಲಿಸಿತು. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿ ಬೇಡರನ್ನು ಆಂಗ್ಲ ಅಧಿಕಾರಿಗಳು ದಂಗೆಕೋರರೆಂದರು; ರಾಷ್ಟ್ರೀಯವಾದಿ ಬರಹಗಾರರು ಸ್ವಾತಂತ್ರ್ಯಯೋಧರೆಂದರು. ಫ್ಲೀಟ್ ಸಂಗ್ರಹಿಸಿದ ಲಾವಣಿಯಲ್ಲಿ ಈ ಎರಡಕ್ಕೂ ಪೂರ್ತಿಯಾಗಿ ಒಗ್ಗದ ಜನರಿದ್ದಾರೆ: ಹತಾರ ಅವರಿಗೆ ಜೀವನೋಪಾಯ, ಮಾನ. ವೀರಗಲ್ಲುಗಳಲ್ಲಿಯೂ ಇದೇ ತೊಡಕು. ತುರುಗೊಳ್ ಸಂದರ್ಭದಲ್ಲಿ ಹಸು ಹೊಡೆದೊಯ್ಯುವವರೂ ಮರಳಿ ತರುವವರೂ ಶೌರ್ಯದ ಒಂದೇ ಭಾಷೆಗೆ ಸೇರಿದವರು; ಪೊಲೀಸು ಕಡತ ಆ ಭಾಷೆಯನ್ನು ದರೋಡೆಯೆಂದು ಓದಿತು, ಜಾತಿಗೌರವದ ಇತ್ತೀಚಿನ ಬರಹಗಳು ಸುಲಿಗೆಗೊಳಗಾದ ಬಡರೈತನನ್ನೇ ಮರೆತವು. ಪಾಳೆಯಗಾರರನ್ನು ಕೊಂಡಾಡುವ ಕೃತಿಗಳಲ್ಲಿ ಈ ಮರೆವು ಹೆಚ್ಚು. ಎರಡೂ ಓದುಗಳನ್ನು ಒಂದೇ ತಕ್ಕಡಿಯಲ್ಲಿಡಲಾಗದು, ಏಕೆಂದರೆ ಮೊದಲನೆಯದರ ಬೆನ್ನಿಗೆ ಸೆರೆಮನೆಯಿತ್ತು. ಆದರೂ ಯಾವ ಕಚೇರಿ, ಯಾವ ಉದ್ದೇಶಕ್ಕೆ, ಯಾರನ್ನು ಕೇಳಿ ದಾಖಲಿಸಿತು ಎಂಬ ಪ್ರಶ್ನೆಯಿಂದ ಎರಡನೆಯದಕ್ಕೂ ವಿನಾಯಿತಿಯಿಲ್ಲ. ಗಾದ್ರಿ ಪಾಲನಾಯಕನನ್ನು ಸಾಂಸ್ಕೃತಿಕ ನಾಯಕನೆಂದು ಹಾಡುವ ಮ್ಯಾಸಬೇಡರ ಮೌಖಿಕ ಪರಂಪರೆಯು ಮೀಸಲಾತಿಯ ಅರ್ಜಿಗೆ ಅನುಬಂಧವಾಗಿ ಮಾತ್ರ ಬಳಕೆಯಾದಾಗ ಅದರ ಪಶುಪಾಲನೆಯ ಜಗತ್ತು ಅಲಕ್ಷ್ಯಕ್ಕೊಳಗಾಗುತ್ತದೆ.

ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಹಳೆಯ ಕಾಯಿದೆ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ಕರ್ನಾಟಕದ್ದು 1961ರದು. ಇವನ್ನು ರದ್ದುಪಡಿಸುವಂತೆ ಜನಾಂಗೀಯ ತಾರತಮ್ಯ ನಿರ್ಮೂಲನೆಯ ವಿಶ್ವಸಂಸ್ಥೆಯ ಸಮಿತಿಯು 2007ರಲ್ಲಿ ಭಾರತಕ್ಕೆ ಸೂಚಿಸಿತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಯ ದಾಖಲೆ ಪುಸ್ತಕಗಳಿಂದ ಕೈದಿಗಳ ಜಾತಿಯ ಕಲಂ ತೆಗೆಯುವಂತೆ ಆದೇಶಿಸಿತು.