ಕೆರೆಯಂಚಿನ ಜೇಕು, ಹುಲ್ಲು, ಜೊಂಡು

ದೂರದಿಂದ ನೋಡಿದರೆ ಎಲ್ಲವೂ ಹುಲ್ಲೇ. ಹತ್ತಿರ ಹೋದರೆ ಮೂರು ಬೇರೆ ಬೇರೆ ಕುಟುಂಬಗಳು.

ಜೇಕು: ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಸಾಮಾನ್ಯವಾಗಿ ಮೂರು ಏಣು ಕೈಗೆ ಸಿಗುತ್ತವೆ. ಎಲೆಗಳು ಮೂರು ಸಾಲು. ಗದ್ದೆಯ ಕಳೆ ಕೊನ್ನಾರಿಯೂ ಇದೇ ಕುಟುಂಬದ್ದು. ಅದರ ಘಮಘಮಿಸುವ ಗಡ್ಡೆಯೇ ಔಷಧಿಯ ಭದ್ರಮುಷ್ಟಿ.

ಹುಲ್ಲು: ದುಂಡು ದಂಟು, ಎದ್ದು ಕಾಣುವ ಗಿಣ್ಣು, ನಡುವೆ ಬಹುತೇಕ ಟೊಳ್ಳು. ಎಲೆಗಳು ಎರಡು ಸಾಲು.

ಜೊಂಡು: ಆಳೆತ್ತರದ ಗಿಡ. ಕಂದು ತೆನೆಯಲ್ಲಿರುವುದು ಒತ್ತೊತ್ತಾಗಿ ಕೂತ ಹೆಣ್ಣು ಹೂಗಳು. ಗಂಡು ಹೂಗಳು ಅದರ ಮೇಲ್ತುದಿಯಲ್ಲಿ. ಬಲಿತ ತೆನೆ ಹತ್ತಿಯಂತೆ ಬಿರಿದು ಬೀಜ ಗಾಳಿಗೆ ಹಾರುತ್ತದೆ.

ಇವು ಹೂಳನ್ನು ತಡೆದು, ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರುತ್ತವೆ. ಆದರೆ ಚರಂಡಿ ನೀರು ಸೇರಿದರೆ ಜೊಂಡು ಕೊಬ್ಬಿ ಕೆರೆಯನ್ನೇ ಮುಚ್ಚಬಲ್ಲದು.

ಜಂಬುಕೋಳಿಗಳು ಈ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ದಯವಿಟ್ಟು ಕಾಲುದಾರಿ ಬಿಟ್ಟು ಇಳಿಯಬೇಡಿ.