ಕೇಣಿಯ ನೊರೆ, ಬಾನಿನ ಮೊರೆತ

ಅಂಕೋಲೆಯ ಬಳಿಯ ಕೇಣಿಯ ಕಡಲತೀರದಲ್ಲಿ ಸಂಜೆ ಕುಳಿತವರು ಈ ನೋಟವನ್ನು ಕಂಡೇ ಇರುತ್ತಾರೆ. ಎರಡು ತೆರೆಗಳು ಒಂದಕ್ಕೊಂದು ಹಾಯ್ದು ಒಡೆಯುತ್ತವೆ. ತೆರೆಗಳು ಇಲ್ಲವಾದ ಮೇಲೂ ಕಲಕಿದ ನೀರು ಕೆಲಹೊತ್ತು ಕುದಿಯುತ್ತಲೇ ಇರುತ್ತದೆ. ಅಂಚಿನಲ್ಲಿ ನೊರೆಯ ಗೆರೆಯೊಂದು ನಿಲ್ಲುತ್ತದೆ. ಬಾನಿನಲ್ಲಿಯೂ ಇಂಥದೇ ನಡೆಯುತ್ತದೆಂದು ತಿಳಿಯಲು ವಿಜ್ಞಾನಿಗಳಿಗೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಕೃಷ್ಣವೇಣಿ ಅಥವಾ ಕೋಮಾ ಎಂಬ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 30 ಕೋಟಿ ಜ್ಯೋತಿರ್ವರ್ಷಗಳಾಚೆ, ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಗುಚ್ಛವೊಂದಿದೆ. 1959ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ದೂರದರ್ಶಕದಿಂದ ಲಾರ್ಜ್ ಮತ್ತು ಸಂಗಡಿಗರು ಅಲ್ಲಿ ಹರಡಿಕೊಂಡ ರೇಡಿಯೊ ಮೊರೆತವೊಂದನ್ನು ಗುರುತಿಸಿದರು. 1970ರಲ್ಲಿ ವಿಲ್ಸನ್ ಒಂದೊಂದು ಗೆಲಾಕ್ಸಿಯ ಪಾಲನ್ನೂ ಕಳೆದು ನೋಡಿದರು. ಆದರೂ ಮೊರೆತ ಉಳಿಯಿತು. ಅದು ಯಾವ ಗೆಲಾಕ್ಸಿಗೂ ಸೇರಿದ್ದಲ್ಲ; ನಡುವಣ ಬಯಲಿನದು.

ಒಗಟು ಅಲ್ಲಿಯೇ ಇತ್ತು. ಕಾಂತಕ್ಷೇತ್ರದಲ್ಲಿ ಸುತ್ತುವ ಅತಿವೇಗದ ಎಲೆಕ್ಟ್ರಾನುಗಳಿಂದ ಈ ರೇಡಿಯೊ ಅಲೆ ಹೊಮ್ಮುತ್ತದೆ. ಆದರೆ ಸುಮಾರು 10 ಕೋಟಿ ವರ್ಷಗಳಲ್ಲಿ ಅವುಗಳ ಕಸುವು ಬತ್ತುತ್ತದೆ. ಮೊರೆತದ ಹರವೋ ಹತ್ತಾರು ಲಕ್ಷ ಜ್ಯೋತಿರ್ವರ್ಷ. ಒಂದೆಡೆ ಹುಟ್ಟಿದ ಎಲೆಕ್ಟ್ರಾನು ಅಷ್ಟು ದೂರ ಹಬ್ಬುವ ಮೊದಲೇ ಸೊರಗಬೇಕು. ಅಂದಮೇಲೆ ದಾರಿಯಲ್ಲಿ ಅದಕ್ಕೆ ಮರುಚೇತನ ಕೊಟ್ಟವರು ಯಾರು?

ಉತ್ತರ: ಡಿಕ್ಕಿ. ಎರಡು ಗುಚ್ಛಗಳು ಒಂದರೊಳಗೊಂದು ನುಗ್ಗಿದಾಗ ಅವುಗಳ ಬಿಸಿ ಅನಿಲ ಕಲಕಿ ಸುಳಿಯೇಳುತ್ತದೆ. ಅಂಚಿನಲ್ಲಿ ಆಘಾತದ ಅಲೆ ಹಾಯುತ್ತದೆ. ಸುಳಿಯಿಂದ ನಡುವಣ ಪ್ರಭಾವಳಿ, ಆಘಾತದಿಂದ ಅಂಚಿನ ಕಮಾನು. ಕೇಣಿಯ ಕಲಕುನೀರು ಮತ್ತು ನೊರೆಗೆರೆಯನ್ನು ನೆನೆಯಿರಿ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಉಂಟು. ಮುದಿ ಎಲೆಕ್ಟ್ರಾನಿನ ದನಿ ಕೆಳಸ್ಥಾಯಿಯಲ್ಲಷ್ಟೇ ಕೇಳಿಸುತ್ತದೆ. ಆ ಸ್ಥಾಯಿಗೆ ಕಿವಿಗೊಡುವ ವಿದ್ಯೆಯನ್ನು ಬೆಂಗಳೂರಿನ ವಿಜ್ಞಾನಿಗಳು ಗೌರಿಬಿದನೂರಿನಲ್ಲಿ ಕಲಿತರು. ಅಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಹೂಡಿದ 1000 ಸರಳ ಆಂಟೆನಾಗಳಿಂದ 34.5 ಮೆಗಾಹರ್ಟ್ಸ್‌ನಲ್ಲಿ ತೆಗೆದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಮುಂದೆ ಪುಣೆಯ ಬಳಿ 45 ಮೀಟರಿನ 30 ಬೋಗುಣಿಗಳ ದೂರದರ್ಶಕ ಬಂತು. ಅದರಿಂದ ನಡೆದು 2007 ಮತ್ತು 2008ರಲ್ಲಿ ಪ್ರಕಟವಾದ ಸಮೀಕ್ಷೆ ಒಂದು ಮಾತನ್ನು ಸ್ಪಷ್ಟಪಡಿಸಿತು: ದೊಡ್ಡ ಗುಚ್ಛಗಳಿಗೆಲ್ಲ ಪ್ರಭಾವಳಿಯಿಲ್ಲ; ಅದು ಇರುವುದು ಬಹುಮಟ್ಟಿಗೆ ಕಲಕಿದವುಗಳಲ್ಲಿ. 2010ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ರುತಾ ಕಾಳೆ ಮತ್ತು ದ್ವಾರಕಾನಾಥ್ ಏಬಲ್ 2256 ಎಂಬ ಗುಚ್ಛದ ಮೊರೆತವನ್ನು 150 ಮೆಗಾಹರ್ಟ್ಸ್‌ವರೆಗೆ ಇಳಿದು ಅಳೆದು, ಆ ಡಿಕ್ಕಿಯ ಚರಿತ್ರೆಯನ್ನು ಬಿಡಿಸಲು ಯತ್ನಿಸಿದರು.

ಅಳಿದ ಕೋಟೆಯ ಅಡಿಪಾಯ ನೋಡಿ ರಾಜ್ಯದ ಕಥೆ ಹೇಳುವವನೇ ಇತಿಹಾಸಕಾರನಲ್ಲವೆ? ಇವರ ಕೆಲಸವೂ ಅದೇ. ಆದರೆ ಈ ಶಾಸನ ಬಲು ಮೆಲುದನಿಯದು. ನಮ್ಮ ರೇಡಿಯೊ, ದೂರವಾಣಿ, ಯಂತ್ರಗಳ ಗದ್ದಲ ಏರಿದಷ್ಟೂ ಅದು ಮುಳುಗಿಹೋಗುತ್ತದೆ. ಕೋಟಿ ವರ್ಷಗಳ ದಾರಿ ನಡೆದು ಬಂದ ಮಾತು ನಮ್ಮ ಬಾಗಿಲಲ್ಲಿ ಬಂದು ಕೇಳದೆಹೋದರೆ, ತಪ್ಪು ಬಾನಿನದಲ್ಲ.