ಗಾಂಧೀಜಿಗೆ ಸಿನಿಮಾ ನೋಡಿ ಎಂದವರು

ಸಿನಿಮಾ ನೋಡಿ ಬಂದವರು ಅದರ ಬಗ್ಗೆ ಯಾರಿಗೂ ಏನೂ ಹೇಳದೆ ಸುಮ್ಮನಿರುವುದು ಅಪರೂಪ. ಚಹಾದಂಗಡಿಯಲ್ಲೋ ಬಸ್ಸಿನಲ್ಲೋ ಪರಿಚಯದವರು ಸಿಕ್ಕರೆ ಸಾಕು, "ತಪ್ಪದೆ ನೋಡು" ಎನ್ನುತ್ತಾರೆ, ಇಲ್ಲವೇ "ದುಡ್ಡು ದಂಡ" ಎನ್ನುತ್ತಾರೆ. ಇಂಥ ಮಾತನ್ನು ನಾವು ಹರಟೆಯೆಂದು ಮರೆತುಬಿಡುತ್ತೇವೆ. ಆದರೆ ಒಂದು ಚಿತ್ರದ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಯಾರಿಗಿದೆ, ಆ ಅಭಿಪ್ರಾಯ ಎಲ್ಲಿಯವರೆಗೆ ಹೋಗಬಹುದು ಎಂಬ ಪ್ರಶ್ನೆಗಳು ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿವೆ. ಆ ಮೆಟ್ಟಿಲು ಹತ್ತಿದವರು ಪತ್ರಕರ್ತ, ಕತೆಗಾರ ಮತ್ತು ನಿರ್ದೇಶಕ ಖ್ವಾಜಾ ಅಹ್ಮದ್ ಅಬ್ಬಾಸ್.

ಅಬ್ಬಾಸ್ ಹುಟ್ಟಿದ್ದು 1914ರಲ್ಲಿ, ಪಾಣಿಪತ್‌ನಲ್ಲಿ. ಉರ್ದುವಿನ ಪ್ರಸಿದ್ಧ ಕವಿ ಅಲ್ತಾಫ್ ಹುಸೇನ್ ಹಾಲಿಯವರ ಮನೆತನ ಅವರದು. ಅಲಿಗಢದಲ್ಲಿ ಕಾನೂನು ಓದಿದರೂ ವಕೀಲಿ ವೃತ್ತಿ ಹಿಡಿಯದೆ ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಸೇರಿದರು. ಸಯ್ಯದ್ ಅಬ್ದುಲ್ಲಾ ಬ್ರೆಲ್ವಿ ಸಂಪಾದಕರಾಗಿದ್ದ ಆ ಪತ್ರಿಕೆ ಸ್ವಾತಂತ್ರ್ಯ ಹೋರಾಟದ ಗಟ್ಟಿ ದನಿಯಾಗಿತ್ತು. ಅಲ್ಲಿ ತರುಣ ಅಬ್ಬಾಸರಿಗೆ ಸಿನಿಮಾ ವಿಮರ್ಶೆಯ ಕೆಲಸವೂ ಬಂತು. ಆ ಕಾಲಕ್ಕೆ ಅದು ಅಷ್ಟೇನೂ ಗೌರವದ ಕೆಲಸವಾಗಿರಲಿಲ್ಲ. ಪತ್ರಿಕೆಗಳಲ್ಲಿ ಬರುತ್ತಿದ್ದುದು ಬಹುಮಟ್ಟಿಗೆ ಜಾಹೀರಾತಿನ ಭಾಷೆಯ ಹೊಗಳಿಕೆ. 1935ರಲ್ಲಿ ಬಾಬೂರಾವ್ ಪಟೇಲರು 'ಫಿಲ್ಮ್‌ಇಂಡಿಯಾ' ಮಾಸಿಕ ಆರಂಭಿಸಿದ ಮೇಲೆ ಹೊಗಳಿಕೆಯ ಜಾಗಕ್ಕೆ ಕಟುಮಾತು ಬಂತು. ಓದುಗರು ಕೇಳಿದ ಪ್ರಶ್ನೆಗಳಿಗೆ ಪಟೇಲರು ಕೊಡುತ್ತಿದ್ದ ಖಾರವಾದ ಉತ್ತರಗಳಿಗಾಗಿಯೇ ಪತ್ರಿಕೆ ಕೊಳ್ಳುವವರಿದ್ದರು. ಅಬ್ಬಾಸರ ದಾರಿ ಬೇರೆಯಾಗಿತ್ತು. ಒಂದು ಚಿತ್ರ ಸಮಾಜಕ್ಕೆ ಏನು ಹೇಳುತ್ತಿದೆ ಎಂಬುದನ್ನು ಅವರು ಮುಖ್ಯವಾಗಿ ನೋಡುತ್ತಿದ್ದರು.

ಅವರ ಬರಹಗಳ ಪೈಕಿ ನೆನಪಿಡಬೇಕಾದದ್ದು 1939ರ ಅಕ್ಟೋಬರ್‌ನಲ್ಲಿ 'ಫಿಲ್ಮ್‌ಇಂಡಿಯಾ'ದಲ್ಲಿ ಪ್ರಕಟವಾದ ಒಂದು ಬಹಿರಂಗ ಪತ್ರ. ಅದನ್ನು ಬರೆದದ್ದು ಮಹಾತ್ಮ ಗಾಂಧಿಯವರಿಗೆ.

ಗಾಂಧೀಜಿಗೆ ಸಿನಿಮಾ ಹಿಡಿಸುತ್ತಿರಲಿಲ್ಲ. ಬ್ರಿಟಿಷ್ ಸರಕಾರ 1927ರಲ್ಲಿ ರಂಗಾಚಾರಿಯವರ ಅಧ್ಯಕ್ಷತೆಯಲ್ಲಿ ಚಲನಚಿತ್ರ ವಿಚಾರಣಾ ಸಮಿತಿಯನ್ನು ನೇಮಿಸಿತು. ಅದು ಪ್ರಶ್ನಾವಳಿ ಕಳಿಸಿದಾಗ ಗಾಂಧೀಜಿ, ತಾವು ಎಂದೂ ಸಿನಿಮಾಕ್ಕೆ ಹೋದವರಲ್ಲ, ಆದರೂ ಅದರಿಂದ ಆಗುತ್ತಿರುವ ಕೇಡು ಹೊರಗಿನವನಿಗೂ ಕಾಣುತ್ತಿದೆ ಎಂಬರ್ಥದ ಉತ್ತರ ಬರೆದರು. ಮುಂದೆ ಜೂಜು, ಕುದುರೆ ಪಂದ್ಯದಂಥ ಪಿಡುಗುಗಳ ಸಾಲಿಗೇ ಸಿನಿಮಾವನ್ನೂ ಸೇರಿಸಿ ಮಾತಾಡಿದರು. ಇದು ಅವರೊಬ್ಬರದೇ ನಿಲುವಾಗಿರಲಿಲ್ಲ. ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲದೆ ಅಂದಿನ ಅನೇಕ ಮನೆಗಳ ಹಿರಿಯರು ಹೀಗೇ ಯೋಚಿಸುತ್ತಿದ್ದರು. ಸಿನಿಮಾ ನೋಡುವುದೇ ಕೆಟ್ಟದ್ದು ಎಂದ ಮೇಲೆ ಯಾವುದು ಒಳ್ಳೆಯ ಸಿನಿಮಾ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಪ್ಪತ್ತೈದು ವರ್ಷದ ಅಬ್ಬಾಸ್ ಇದನ್ನು ಒಪ್ಪಲಿಲ್ಲ. ಅವರು ಗಾಂಧಿಯವರ ಭಕ್ತರೇ ಆಗಿದ್ದರು. ಹಾಗಿದ್ದೂ ಮಗ ತಂದೆಗೆ ಬರೆಯುವ ವಿನಯದಿಂದ, ಈ ಮಾತು ತಮಗೆ ನೋವು ತಂದಿದೆ ಎಂದು ಬರೆದರು. ಸಿನಿಮಾದಲ್ಲಿ ಕೆಟ್ಟದ್ದು ಇದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಇಡೀ ಮಾಧ್ಯಮವನ್ನೇ ತಳ್ಳಿಹಾಕುವ ಮುನ್ನ ಇವುಗಳನ್ನು ಗಮನಿಸಿ ಎಂದು ಒಂದು ಪಟ್ಟಿಯನ್ನೇ ಕೊಟ್ಟರು. ಅದರಲ್ಲಿ ಪ್ರಭಾತ್ ಕಂಪೆನಿಯ 'ಸಂತ ತುಕಾರಾಂ' ಇತ್ತು. ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ 1936ರ ಆ ಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದಿತ್ತು. ವಯಸ್ಸಾದವನಿಗೆ ಮೋಸದಿಂದ ಮದುವೆ ಮಾಡಿಕೊಟ್ಟ ಹುಡುಗಿಯೊಬ್ಬಳು ಆ ದಾಂಪತ್ಯವನ್ನು ಒಪ್ಪದೆ ಎದುರು ನಿಲ್ಲುವ ಕತೆಯುಳ್ಳ, ಶಾಂತಾರಾಮರ 'ದುನಿಯಾ ನ ಮಾನೆ'ಯೂ ಇತ್ತು. ಈ ಕಲೆಯ ಕಡೆಗೆ ಸ್ವಲ್ಪ ಗಮನ ಕೊಡಿ, ಸಹನೆಯಿಂದ ನೋಡಿ ಎಂಬುದಷ್ಟೇ ಅವರ ಬೇಡಿಕೆ. ನಮ್ಮ ದೇಶದಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡಿದ ಸಿನಿಮಾ ಶಿಫಾರಸುಗಳಲ್ಲಿ ಇದಕ್ಕಿಂತ ದಿಟ್ಟವಾದದ್ದು ಇರಲಾರದು. 1944ರಲ್ಲಿ, ಸೆರೆಮನೆಯಿಂದ ಬಿಡುಗಡೆಯಾಗಿ ಜುಹೂವಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಗಾಂಧೀಜಿ ವಿಜಯ್ ಭಟ್ಟರ 'ರಾಮರಾಜ್ಯ' ನೋಡಿದರು. ಆದರೆ ಅದಕ್ಕೆ ಅಬ್ಬಾಸರ ಪತ್ರವೇ ಕಾರಣ ಎನ್ನಲು ಆಧಾರವಿಲ್ಲ.

ಇದೇ ಅಬ್ಬಾಸರು "ನೋಡಬೇಡಿ" ಎಂದು ಹೇಳಿದ್ದೂ ಉಂಟು. 1938ರಲ್ಲಿ 'ದಿ ಡ್ರಮ್' ಎಂಬ ಬ್ರಿಟಿಷ್ ಚಿತ್ರ ಮುಂಬಯಿಗೆ ಬಂತು. ವಾಯವ್ಯ ಗಡಿನಾಡಿನ ಮುಸ್ಲಿಮರನ್ನು ವಂಚಕರಂತೆ, ಬ್ರಿಟಿಷರನ್ನು ರಕ್ಷಕರಂತೆ ಅದು ತೋರಿಸಿತ್ತು. ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಪ್ರದರ್ಶನ ನಿಂತಿತು. ಮರುವರ್ಷ ಹಾಲಿವುಡ್‌ನ 'ಗಂಗಾ ದೀನ್' ಬಂದಾಗ ಅಬ್ಬಾಸ್ ಅದರ ವಿರುದ್ಧ ಬರೆದರು. ಅದಕ್ಕೂ ಇಲ್ಲಿ ನಿಷೇಧ ಬಿತ್ತು. ತನ್ನನ್ನು ಆಳುವವರೇ ತನ್ನನ್ನು ಹೀನಾಯವಾಗಿ ಚಿತ್ರಿಸಿ, ಆ ಚಿತ್ರವನ್ನು ತನಗೇ ಮಾರುವಾಗ ಗುಲಾಮ ದೇಶವೊಂದು ಸುಮ್ಮನಿರಬೇಕಿತ್ತೇ? ಆ ಸಿಟ್ಟು ನ್ಯಾಯವಾದದ್ದೇ. ಆದರೆ ನಿಷೇಧದ ಕತ್ತಿ ಯಾವಾಗಲೂ ಒಂದೇ ಕಡೆಗೆ ಬೀಸುವುದಿಲ್ಲ. ಮೂರು ದಶಕಗಳ ನಂತರ ಅದು ಅಬ್ಬಾಸರ ಕಡೆಗೇ ತಿರುಗಿತು.

ಅಷ್ಟರಲ್ಲಿ ಅವರು ವಿಮರ್ಶಕರಾಗಿ ಮಾತ್ರ ಉಳಿದಿರಲಿಲ್ಲ. 1941ರ 'ನಯಾ ಸಂಸಾರ್'ಗೆ ಕತೆ ಬರೆದರು. ಬಂಗಾಳದ ಬರಗಾಲವನ್ನು ಕುರಿತ 'ಧರ್ತಿ ಕೆ ಲಾಲ್' ಅನ್ನು 1946ರಲ್ಲಿ ನಿರ್ದೇಶಿಸಿದರು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಉನ್ನತ ಪ್ರಶಸ್ತಿ ಹಂಚಿಕೊಂಡ 'ನೀಚಾ ನಗರ್'ನ ಬರವಣಿಗೆಯಲ್ಲಿ ಅವರ ಪಾಲಿತ್ತು. ರಾಜ್ ಕಪೂರರ 'ಆವಾರಾ', 'ಶ್ರೀ 420' ಕೂಡ ಅವರ ಲೇಖನಿಯಿಂದ ಬಂದವು.

1968ರಲ್ಲಿ ಅವರು 'ಚಾರ್ ಶಹರ್ ಏಕ್ ಕಹಾನಿ' ಎಂಬ ಕಿರುಚಿತ್ರ ತೆಗೆದರು. ಕಲ್ಕತ್ತ, ಮುಂಬಯಿ, ಮದ್ರಾಸು, ದಿಲ್ಲಿಗಳ ವೈಭವದ ಪಕ್ಕದಲ್ಲೇ ಬಡತನವನ್ನು ಇಟ್ಟು ತೋರಿಸುವ ಚಿತ್ರ ಅದು. ಮುಂಬಯಿಯ ವೇಶ್ಯಾವಾಟಿಕೆಯ ಕೆಲವು ದೃಶ್ಯಗಳೂ ಅದರಲ್ಲಿದ್ದವು. ಸೆನ್ಸಾರ್ ಮಂಡಳಿ 'ಎ' ಪ್ರಮಾಣಪತ್ರ ಕೊಟ್ಟಿತು. ಸರಕಾರಕ್ಕೆ ಮನವಿ ಮಾಡಿದಾಗ ಆ ದೃಶ್ಯಗಳನ್ನು ಕತ್ತರಿಸಿದರೆ 'ಯು' ಕೊಡುವುದಾಗಿ ಉತ್ತರ ಬಂತು. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಸರಕಾರ, ಕತ್ತರಿಯಿಲ್ಲದೆಯೇ 'ಯು' ಕೊಡಲು ಸಿದ್ಧ ಎಂದಿತು. ಬೇರೆಯವರಾಗಿದ್ದರೆ ಗೆದ್ದೆನೆಂದು ಮನೆಗೆ ಮರಳುತ್ತಿದ್ದರು. ಅಬ್ಬಾಸ್ ತಮ್ಮ ಅರ್ಜಿಯನ್ನು ತಿದ್ದಿ, ಬಿಡುಗಡೆಗೆ ಮುನ್ನ ಸೆನ್ಸಾರ್ ಮಾಡುವ ಪದ್ಧತಿಯನ್ನೇ ಪ್ರಶ್ನಿಸಿದರು.

1970ರ ಸೆಪ್ಟೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಕೊಟ್ಟರು. ಚಲನಚಿತ್ರ ಬೇರೆ ಕಲೆಗಳಿಗಿಂತ ಹೆಚ್ಚು ತೀವ್ರವಾಗಿ ಮನಸ್ಸನ್ನು ಕಲಕುವುದರಿಂದ ಮುಂಚಿತ ಸೆನ್ಸಾರ್ ಸಂವಿಧಾನಬದ್ಧವೇ ಎಂದರು. ಅಬ್ಬಾಸ್ ಸೋತರು. ಆದರೂ ಅದೇ ತೀರ್ಪು ಸೆನ್ಸಾರಿನವರಿಗೆ ಕೆಲವು ಪಾಠಗಳನ್ನೂ ಹೇಳಿತು. ಲೈಂಗಿಕತೆ ಮತ್ತು ಅಶ್ಲೀಲತೆ ಯಾವಾಗಲೂ ಒಂದೇ ಅಲ್ಲ. ಸಮಾಜದ ಕೆಡಕನ್ನು ತೋರಿಸುವ ಕಲೆಗೆ ಜಾಗವಿರಬೇಕು. ತೀರಾ ವಿಕೃತ ಮನಸ್ಸಿನವನ ಕಣ್ಣನ್ನು ಅಳತೆಗೋಲು ಮಾಡಿಕೊಳ್ಳಬಾರದು. ಮಂಡಳಿಯ ತೀರ್ಮಾನವನ್ನು ಪ್ರಶ್ನಿಸಲು ಸ್ವತಂತ್ರ ವ್ಯವಸ್ಥೆ ಬೇಕು ಎಂಬ ಮಾತೂ ಈ ಮೊಕದ್ದಮೆಯಲ್ಲೇ ಬಂತು. ಅಂಥ ನ್ಯಾಯಮಂಡಳಿ 1983ರಲ್ಲಿ ಸ್ಥಾಪನೆಯಾಗಿ 2021ರಲ್ಲಿ ರದ್ದಾಯಿತು.

ಅದೇ 1970ರಲ್ಲಿ ಕನ್ನಡಕ್ಕೂ ಇದರ ಬಿಸಿ ತಟ್ಟಿತು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ತೆಗೆದ 'ಸಂಸ್ಕಾರ'ಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತು. ಆ ತಡೆ ತೆರವಾದ ಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಪಡೆಯಿತು. ಕೆಲವೇ ವರ್ಷಗಳಲ್ಲಿ, 1973ರಲ್ಲಿ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿದರು. ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಹಳ್ಳಿಯ ಜನ ನೋಡಿದರು, ಕೂತು ಚರ್ಚಿಸಿದರು. ನೋಡಿ ಮಾತಾಡಲು ಪದವಿ ಬೇಕಿಲ್ಲ ಎಂಬುದು ಅಲ್ಲಿ ಸಾಬೀತಾಯಿತು.

ಅಬ್ಬಾಸ್ 1987ರಲ್ಲಿ ತೀರಿಕೊಂಡರು. ಅವರ ಮುಂದಿದ್ದ ಪ್ರಶ್ನೆ ಮಾತ್ರ ಇನ್ನೂ ನಮ್ಮ ಮುಂದಿದೆ. 2018ರಲ್ಲಿ 'ಪದ್ಮಾವತ್' ಬಿಡುಗಡೆಯಾಗುವ ಮೊದಲೇ, ಯಾರೂ ನೋಡದ ಚಿತ್ರದ ಮೇಲೆ ಕೆಲವು ರಾಜ್ಯಗಳು ನಿಷೇಧ ಹೇರಿದವು. ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. 2023ರಲ್ಲಿ 'ದಿ ಕೇರಳ ಸ್ಟೋರಿ' ಮುಸ್ಲಿಮರ ಬಗ್ಗೆ ದ್ವೇಷ ಬಿತ್ತುತ್ತದೆಂದು ಅನೇಕರು ನೊಂದರು. ಪಶ್ಚಿಮ ಬಂಗಾಳ ಅದನ್ನು ನಿಷೇಧಿಸಿತು, ಕೋರ್ಟಿನಲ್ಲಿ ಆ ನಿಷೇಧವೂ ನಿಲ್ಲಲಿಲ್ಲ. ಆದರೆ 32,000 ಯುವತಿಯರ ಮತಾಂತರ ಎಂಬ ಪ್ರಚಾರವನ್ನು ಹಿಡಿದು, ಲೆಕ್ಕ ಎಲ್ಲಿದೆ ಎಂದು ಕೇಳಿದವರ ಪ್ರಶ್ನೆ ನಿಂತಿತು. ಆ ಸಂಖ್ಯೆಗೆ ಅಧಿಕೃತ ಮಾಹಿತಿಯಿಲ್ಲ, ಇದು ಕಲ್ಪಿತ ರೂಪ ಎಂಬ ಸೂಚನೆಯನ್ನು ಚಿತ್ರದ ಜೊತೆ ಹಾಕಬೇಕಾಯಿತು. ಚಿತ್ರವೊಂದು ನಮ್ಮನ್ನು ನೋಯಿಸಿದಾಗ ಬೇಗ ಬಾಯಿಗೆ ಬರುವುದು ನಿಷೇಧದ ಮಾತು. ಕಷ್ಟದ ದಾರಿ ಬೇರೆಯದು: ಅದನ್ನು ನೋಡುವುದು, ಸುಳ್ಳು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು, ಜೊತೆಗೆ ನೋಡಲೇಬೇಕಾದ ನಾಲ್ಕು ಒಳ್ಳೆಯ ಚಿತ್ರಗಳ ಹೆಸರನ್ನು ನೆರೆಯವರಿಗೂ ಹೇಳುವುದು. 1939ರಲ್ಲಿ ಮಹಾತ್ಮನಿಗೇ ಅಂಥ ಪಟ್ಟಿ ಕಳಿಸಿದವರ ಉದಾಹರಣೆ ನಮ್ಮ ಮುಂದಿದೆ.